ಹವಳದ ದಿಬ್ಬದ ಶುಚಿಕಾರ

ಮುಂಬಯಿಯಲ್ಲಿರುವ ನಮಗೆ ಮೀನೆಂದೊಡನೆ ನೆನಪಾಗುವುವು ಮಾರುಕಟ್ಟೆಯ ಬುಟ್ಟಿಯೊಳಗಿನ ಬಂಗಡೆ, ಪಾಪ್ಲೆಟ್‌ಗಳು. ದೊಡ್ಡ ಮೀನು ಚಿಕ್ಕದನ್ನು ನುಂಗುವುದೆಂಬುದನ್ನೂ ನಾವೆಲ್ಲರೂ ಬಲ್ಲೆವು. ಆದರೆ ದೊಡ್ಡ ಮೀನಿನ ಬಾಯೊಳಗೆ ತಾನಾಗಿ ಹೊಕ್ಕು, ಕೆಲಸ ಮುಗಿಸಿ, ಕ್ಷೇಮವಾಗಿ ಹೊರಬರುವ ಚಿಕ್ಕ ಮೀನೊಂದುಂಟು. ಅದರ ಶಾಸ್ತ್ರೀಯ ನಾಮ ಲ್ಯಾಬ್ರಾಯ್ಡೀಸ್ ಡಿಮಿಡಿಯೇಟಸ್. ನಾವು ಅದನ್ನು ಶುಚಿಕಾರ ಮೀನೆಂದು ಕರೆಯೋಣ.

ಕೆಂಪು ಸಮುದ್ರದಿಂದ ಹಿಡಿದು, ನಮ್ಮ ಲಕ್ಷದ್ವೀಪವನ್ನು ಒಳಗೊಂಡು, ಶಾಂತಸಾಗರದ ದ್ವೀಪಗಳವರೆಗೆ ಹವಳದ ದಿಬ್ಬಗಳಲ್ಲಿ ಇದರ ವಾಸ. ಗೇಣುದ್ದವೂ ಇಲ್ಲದ ತಿಳಿನೀಲಿ ಮೈ. ಬಾಯಿಯಿಂದ ಬಾಲದವರೆಗೆ ಬರಬರುತ್ತ ಅಗಲವಾಗುವ ಕಪ್ಪು ಪಟ್ಟೆ. ಆ ಪಟ್ಟೆಯೇ ಅದರ ಅಂಗಡಿಯ ಫಲಕ!

ಅಂಗಡಿಯೆಂದುದು ಬರಿಯ ಅಲಂಕಾರದ ಮಾತಲ್ಲ. ಭಾನುವಾರ ಬೆಳಿಗ್ಗೆ ಕ್ಷೌರದಂಗಡಿಯಲ್ಲಿ ನಾವು ಸರದಿ ಕಾಯುವಂತೆಯೇ, ಶುಚಿಕಾರನಿರುವ ಗೊತ್ತಾದ ಸ್ಥಳಕ್ಕೆ ಬಗೆಬಗೆಯ ಮೀನುಗಳು ಬಂದು ಕಾಯುತ್ತವೆ. ಅವುಗಳ ಮೈಗೆ ಹೇನಿನಂತಹ ಪರೋಪಜೀವಿಗಳು ಅಂಟಿ ರಕ್ತ ಹೀರುತ್ತಿರುತ್ತವೆ. ಶುಚಿಕಾರನು ಬಾಲವನ್ನೆತ್ತಿ ಮೇಲಕ್ಕೂ ಕೆಳಕ್ಕೂ ಕುಣಿಯುತ್ತಾನೆ. ಗಿರಾಕಿಯು ರೆಕ್ಕೆಗಳನ್ನು ಹರಡಿ ನಿಶ್ಚಲವಾಗಿ ನಿಲ್ಲುತ್ತದೆ. ಬೇಟೆಗಾರನಾದ ಮುರು ಮೀನೂ ಬಾಯಿಯನ್ನೂ ಕಿವಿರುಗಳನ್ನೂ ತೆರೆದು ಕಾಯುವುದುಂಟು. ಆಸ್ಟ್ರೇಲಿಯದ ಲಿಜರ್ಡ್ ದ್ವೀಪದಲ್ಲಿ ಎಣಿಸಿದಾಗ, ಒಂದು ಶುಚಿಕಾರ ಮೀನು ದಿನಕ್ಕೆ ಸುಮಾರು 1,200 ಪರೋಪಜೀವಿಗಳನ್ನು ತಿನ್ನುವುದೆಂದು ತಿಳಿದುಬಂದಿತು.

ಇಷ್ಟಾದರೂ ಶುಚಿಕಾರನು ಸತ್ಯಹರಿಶ್ಚಂದ್ರನಲ್ಲ. ಅವನಿಗೆ ನಿಜವಾಗಿ ರುಚಿಸುವುದು ಹೇನಲ್ಲ, ಗಿರಾಕಿಯ ಮೈಮೇಲಿನ ಲೋಳೆ. ಆಸೆ ತಡೆಯಲಾರದೆ ಕಚ್ಚಿದನೆಂದರೆ ಗಿರಾಕಿಯ ಮೈ ಥಟ್ಟನೆ ಅದುರುತ್ತದೆ. ಕೆಲವು ಅಟ್ಟಿಸಿಕೊಂಡು ಹೋಗುತ್ತವೆ. ದೂರ ಸಂಚರಿಸುವವು ಬೇರೆ ಅಂಗಡಿಯನ್ನು ಹುಡುಕುತ್ತವೆ. ಶುಚಿಕಾರರಲ್ಲಿ ಒಂದು ಗಂಡು, ಹಲವು ಹೆಣ್ಣುಗಳ ಸಂಸಾರ. ಜೊತೆಯಾಗಿ ಕೆಲಸ ಮಾಡುವಾಗ ಹೆಣ್ಣು ಕಚ್ಚಿ ಗಿರಾಕಿಯನ್ನು ಕಳೆದರೆ ಗಂಡು ಅದನ್ನು ಬೆನ್ನಟ್ಟಿ ಶಿಕ್ಷಿಸುತ್ತದೆ. ಗಂಡು ಸತ್ತರೆ ಹೆಣ್ಣುಗಳಲ್ಲಿ ದೊಡ್ಡದು ಕೆಲವೇ ಗಂಟೆಗಳಲ್ಲಿ ಗಂಡಿನಂತೆ ವರ್ತಿಸತೊಡಗಿ, ಎರಡು ಮೂರು ವಾರಗಳಲ್ಲಿ ಗಂಡೇ ಆಗಿಬಿಡುತ್ತದೆ. ನಾವು ಇದನ್ನು ಮೊದಲು ಓದಿದಾಗ ಅಚ್ಚಿನ ತಪ್ಪೆಂದೇ ಭಾವಿಸಿದ್ದೆವು!

ಇದೇ ಬಣ್ಣ, ಇದೇ ಪಟ್ಟೆಯ ವೇಷಧಾರಿಯೊಂದೂ ಉಂಟು: ಆಸ್ಪಿಡಾಂಟಸ್. ನಂಬಿ ಹತ್ತಿರ ಬಂದ ಮೀನಿನ ರೆಕ್ಕೆಯ ಚೂರನ್ನೇ ಅದು ಕಚ್ಚಿಕೊಂಡು ಓಡುತ್ತದೆ.

ಶುಚಿಕಾರರೇ ಇಲ್ಲದಿದ್ದರೆ? ಲಿಜರ್ಡ್ ದ್ವೀಪದಲ್ಲಿಯೇ ವಿಜ್ಞಾನಿಗಳು ಕೆಲವು ದಿಬ್ಬಗಳಿಂದ ಎಂಟೂವರೆ ವರ್ಷಗಳ ಕಾಲ ಇವುಗಳನ್ನು ತೆಗೆಯುತ್ತ ಬಂದರು. 2011ರಲ್ಲಿ ಪ್ರಕಟವಾದ ವರದಿಯಂತೆ, ಶುಚಿಕಾರರಿದ್ದ ದಿಬ್ಬಗಳಿಗಿಂತ ಅಲ್ಲಿ ನೆಲೆಸಿದ ಮೀನುಗಳ ಸಂಖ್ಯೆ ನೂರಕ್ಕೆ 37ರಷ್ಟೂ, ಜಾತಿಗಳು 23ರಷ್ಟೂ ಕಡಿಮೆಯಾಗಿದ್ದವು. ಬೇರೆಡೆಯಿಂದ ಬಂದುಹೋಗುವ ಮರಿಮೀನುಗಳೂ ಆ ಕಡೆಗೆ ಬರುವುದು ಬಹಳ ಕಡಿಮೆಯಾಗಿತ್ತು.