ಮಕ್ಕಳನ್ನು ಕಳುಹಿಸುವ ಭಾನುವಾರ

ಜೂನ್ ತಿಂಗಳ ಮೊದಲ ಭಾನುವಾರ. ಕರಾವಳಿಯ ಈ ಸಣ್ಣ ಊರಿನ ಚರ್ಚಿನ ಜಗಲಿಯಲ್ಲಿ ಒದ್ದೆ ಕೊಡೆಗಳು ಸಾಲಾಗಿ ಗೋಡೆಗೊರಗಿ ನಿಂತಿವೆ. ಕಪ್ಪು ಬಟ್ಟೆಯ ಹಳೇ ಕೊಡೆ, ಹೂಹೂವಿನ ಕೊಡೆ, ಗುಂಡಿ ಒತ್ತಿದರೆ ಪಟ್ಟೆಂದು ಬಿಚ್ಚುವ ದುಬೈ ಕೊಡೆ, ಎಲ್ಲದರ ನೀರೂ ಒಂದೇ ಕಾಲುವೆಯಾಗಿ ಮೆಟ್ಟಿಲಿಳಿಯುತ್ತಿದೆ. ಮೊದಲ ಗಂಟೆ ಹೊಡೆದಾಯಿತು. ಅಜ್ಜಿಯಂದಿರು ಸೀರೆಯಂಚು ಹಿಂಡಿಕೊಂಡು ತಂತಮ್ಮ ಖಾಯಂ ಬೆಂಚಿನತ್ತ ನಡೆಯುತ್ತಾರೆ. ಗೋಡೆಯ ಹಲಗೆಯಲ್ಲಿ ಇವತ್ತು ಹಾಡಬೇಕಾದ ಸಂಗೀತಗಳ ನಂಬರುಗಳನ್ನು ಯಾರೋ ಹುಡುಗ ಸಿಕ್ಕಿಸುತ್ತಿದ್ದಾನೆ. ಆರರ ಬಿಲ್ಲೆ ಸಿಗದೆ ಒಂಬತ್ತನ್ನೇ ತಲೆಕೆಳಗು ಮಾಡಿ ಇಟ್ಟಿದ್ದಾನೆ.

ಸಭೆಯ ಕ್ಯಾಲೆಂಡರಿನಲ್ಲಿ ಈ ದಿನಕ್ಕೆ ಕೆಂಪು ಅಕ್ಷರವಿಲ್ಲ. ಊರವರ ಬಾಯಲ್ಲಿ ಮಾತ್ರ ಇದು ‘ಮಕ್ಕಳನ್ನು ಕಳುಹಿಸುವ ಭಾನುವಾರ’. ಪಿಯುಸಿ ಫಲಿತಾಂಶ ಬಂದು, ಸಿಇಟಿ, ನೀಟ್ ಎಲ್ಲ ಮುಗಿದು, ಯಾರಿಗೆ ಎಲ್ಲಿ ಸೀಟು, ಯಾರಿಗೆ ಎಲ್ಲಿ ಕೆಲಸ ಎಂಬುದು ಸುಮಾರಾಗಿ ಗೊತ್ತಾಗುವ ಹೊತ್ತು. ಮಳೆ ಹಿಡಿಯುವುದೂ, ಮನೆಯ ಒಂದು ಕೋಣೆ ಖಾಲಿಯಾಗುವುದೂ ಒಟ್ಟೊಟ್ಟಿಗೆ.

ಮುಂದಿನ ಬೆಂಚಿನಲ್ಲಿ ಹೊರಡುವ ನಾಲ್ವರು ಕುಳಿತಿದ್ದಾರೆ. ಒಬ್ಬಳು ಬೆಂಗಳೂರಿಗೆ, ಬಿಎಸ್ಸಿ ನರ್ಸಿಂಗ್; ನಾಲ್ಕು ವರ್ಷ. ಇನ್ನೊಬ್ಬಳಿಗೆ ಬಿಕಾಂ ಮುಗಿದು ಅದೇ ಬೆಂಗಳೂರಿನಲ್ಲಿ ಕೆಲಸ. ಪಿಜಿಗೆ ಮುಂಗಡ ಕಟ್ಟಿಯಾಗಿದೆ. ಡಿಪ್ಲೊಮಾ ಮುಗಿಸಿದ ಹುಡುಗನಿಗೆ ಮಸ್ಕತ್ತಿನ ವೀಸಾ ಬಂದಿದೆ. ಇಸ್ತ್ರಿಯ ಗೆರೆ ಇನ್ನೂ ಮಾಸದ ಬಿಳಿ ಅಂಗಿಯಲ್ಲಿ ಅವನು ಸೆಟೆದು ಕುಳಿತಿದ್ದಾನೆ. ನಾಲ್ಕನೆಯವಳು ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜಿಗೆ. ಅವರ ಹಿಂದೆ ಎರಡು ಬೆಂಚು ಬಿಟ್ಟು, ಕಂಬದ ಮರೆಯಲ್ಲಿ, ಅವರದೇ ಓರಗೆಯ ಇನ್ನೊಬ್ಬ ಹುಡುಗನಿದ್ದಾನೆ. ಪಿಯುಸಿಯಲ್ಲಿ ಎರಡು ವಿಷಯ ಉಳಿದಿವೆ. ಪರೀಕ್ಷೆ-1 ಆಯಿತು, ಪರೀಕ್ಷೆ-2 ಆಯಿತು, ಈಗ ಮುಂದಿನ ಪರೀಕ್ಷೆಗೆ ಓದುತ್ತಿದ್ದಾನೆ. ಬೆಂಚಿನ ಅಂಚಿನ ಮೆರುಗೆಣ್ಣೆಯನ್ನು ಉಗುರಿನಿಂದ ಕೆರೆಯುತ್ತಿದ್ದಾನೆ.

ಸಂಗೀತ ಶುರುವಾಯಿತು. ಜರ್ಮನಿಯ ರಾಗ, ಕನ್ನಡದ ಸಾಹಿತ್ಯ, ತುಳು ಮಾತಾಡುವ ಬಾಯಿಗಳು. ಮಳೆ ಹಂಚಿನ ಮೇಲೆ ಬಡಿಯುವ ರಭಸಕ್ಕೆ ಹಾರ್ಮೋನಿಯಂ ಆಗಾಗ ಮುಳುಗಿ ಮತ್ತೆ ಏಳುತ್ತದೆ. ಈ ಹಂಚಿಗೂ ಇವತ್ತಿನ ಭಾನುವಾರಕ್ಕೂ ಸಂಬಂಧವುಂಟು. 1834ರಲ್ಲಿ ಬಾಸೆಲ್ ಮಿಶನ್ ಮಂಗಳೂರಿಗೆ ಬಂದ ಮೇಲೆ ಕ್ರಿಸ್ತನನ್ನು ನಂಬಿ ದೀಕ್ಷಾಸ್ನಾನ ಪಡೆದ ಎಷ್ಟೋ ಮಂದಿಗೆ ಅದೇ ದಿನ ಮನೆ ತಪ್ಪುತ್ತಿತ್ತು; ಜಾತಿಯ ಜೊತೆಗೆ ಕಸುಬೂ ಹೋಗುತ್ತಿತ್ತು. ಅವರ ಹೊಟ್ಟೆಗೆ ದಾರಿಯಾಗಲೆಂದೇ ಮಿಶನ್ ಮಗ್ಗ ಹಾಕಿಸಿತು, ಅಚ್ಚುಕೂಟ ತೆರೆಯಿತು, 1865ರಲ್ಲಿ ಹಂಚಿನ ಕಾರ್ಖಾನೆ ಕಟ್ಟಿತು. ಬರಿಯ ಪ್ರಾರ್ಥನೆ ಮಾಡಿ ಕಳುಹಿಸಿಬಿಡುವ ಪದ್ಧತಿ ಈ ಸಭೆಗಳಲ್ಲಿ ಮೊದಲಿನಿಂದಲೂ ಇರಲಿಲ್ಲ.

ಆ ಕಾಲದ ಕಥೆಗಳಲ್ಲೂ ಹದಿಹರೆಯದವರೇ ಹೆಚ್ಚು. ಮಂಗಳೂರಿನ ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದದ್ದು 1844ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲು. ಎರಡು ವರ್ಷ ಕಳೆದು ಮಿಶನರಿ ಹರ್ಮನ್ ಮೊಗ್ಲಿಂಗರ ಜೊತೆ ಕಡಲು ದಾಟಿ ಬಾಸೆಲಿಗೆ ಓದಲು ಹೋದರು. 1851ರಲ್ಲಿ ಬೋಧಕರಾಗಿ ಹಿಂತಿರುಗಿದರು. ಅತ್ತ ಕಡೆಯಿಂದ ಇತ್ತ ಬಂದವರೂ ಹುಡುಗರೇ. ಮೊಗ್ಲಿಂಗ್ ಮಂಗಳೂರಿನಲ್ಲಿ ಇಳಿದಾಗ ಅವರಿಗೆ 25. ಅವರ ‘ಮಂಗಳೂರ ಸಮಾಚಾರ’ ಪತ್ರಿಕೆ ಹುಟ್ಟಲು ಇನ್ನೂ ಏಳು ವರ್ಷವಿತ್ತು. 1853ರಲ್ಲಿ ಬಂದ ಕಿಟೆಲ್‌ಗೆ 21. ಅವರ ಕನ್ನಡದ ದೊಡ್ಡ ನಿಘಂಟು ಅಚ್ಚಾಗಿ ಕೈಗೆ ಬಂದದ್ದು 1894ರಲ್ಲಿ. ಇಳಿದ ದಿನ ಕೇಳಿದ್ದರೆ ಮುಂದೆ ತಾನೇನು ಮಾಡಲಿದ್ದೇನೆಂದು ಅವರೂ ಹೇಳುತ್ತಿರಲಿಲ್ಲ.

ಅಯ್ಯನವರು ಪ್ರಸಂಗಕ್ಕೆ ಎದ್ದರು. ಓದಿದ್ದು ಯೆರೆಮೀಯನ ಗ್ರಂಥದ ಇಪ್ಪತ್ತೊಂಬತ್ತನೆಯ ಅಧ್ಯಾಯ. ಆ ಅಧ್ಯಾಯದ ಹನ್ನೊಂದನೆಯ ವಚನ ಇಲ್ಲಿ ಎಲ್ಲರ ಮನೆಯಲ್ಲೂ ಉಂಟು: ಗೋಡೆಯ ಕ್ಯಾಲೆಂಡರಿನಲ್ಲಿ, ಕಾಫಿ ಮಗ್ಗಿನ ಮೇಲೆ, ರಿಕ್ಷಾದ ಹಿಂಬದಿಯಲ್ಲಿ, ಪರೀಕ್ಷೆಯ ಬೆಳಿಗ್ಗೆ ಬರುವ ವಾಟ್ಸಾಪಿನಲ್ಲಿ. ದೇವರು ತನ್ನ ಜನರಿಗೆ ಒಳಿತನ್ನೇ ಬಗೆದಿದ್ದಾನೆ, ಮುಂದಿನ ಗತಿಯ ನಿರೀಕ್ಷೆ ಇಡಿರಿ ಎಂಬ ಮಾತು. ಎಲ್ಲರೂ ಅದಕ್ಕೇ ಕಾದು ಕುಳಿತಿದ್ದರು. ಅವರು ಮಾತ್ರ ಪುಟವನ್ನು ಹಿಂದಕ್ಕೆ ಮಗುಚಿದರು.

“ಈ ವಚನ ಒಂದು ಕಾಗದದಲ್ಲಿ ಬರೆದದ್ದು,” ಎಂದರು. “ಯಾರಿಗೆ? ಊರು ಬಿಟ್ಟವರಿಗೆ. ಯೆರೂಸಲೇಮಿನಿಂದ ಬಾಬೆಲಿಗೆ ಹಿಡಿದುಕೊಂಡು ಹೋದವರಿಗೆ. ಆ ದಿನಗಳಲ್ಲೇ ಇನ್ನೊಬ್ಬ ಪ್ರವಾದಿ ಎದ್ದು ನಿಂತಿದ್ದ, ಹನನ್ಯ ಅಂತ. ಎರಡೇ ವರ್ಷ, ಎಲ್ಲರೂ ವಾಪಸು ಬರ್ತಾರೆ ಅಂದ. ಕೇಳಲು ಎಷ್ಟು ಚೆಂದ! ಯೆರೆಮೀಯ ಕೂಡ ಮೊದಲು ಆಮೆನ್ ಅಂದ, ಹಾಗೇ ಆಗಲಪ್ಪ ಅಂದ. ಆದರೆ ಅದು ಸುಳ್ಳು. ಯೆರೆಮೀಯನ ಕಾಗದದಲ್ಲಿ ಇದ್ದದ್ದು ಎಪ್ಪತ್ತು ವರ್ಷ.”

ಮಳೆ ಜೋರಾಯಿತು. ಅಯ್ಯನವರು ಮಾತು ನಿಲ್ಲಿಸಿ ಮಾಡಿನತ್ತ ನೋಡಿದರು. ಮಕ್ಕಳು ನಕ್ಕರು. ಸದ್ದು ಇಳಿದ ಮೇಲೆ ಮುಂದುವರಿಸಿದರು. ಎಪ್ಪತ್ತು ವರ್ಷ ಎಂದಷ್ಟೇ ಹೇಳಿ ಯೆರೆಮೀಯ ಸುಮ್ಮನಾಗಲಿಲ್ಲ. ಮಾಡಬೇಕಾದ ಕೆಲಸಗಳ ಪಟ್ಟಿ ಕೊಟ್ಟ. ಮನೆ ಕಟ್ಟಿಕೊಳ್ಳಿ, ಅದರಲ್ಲಿ ವಾಸಿಸಿ. ತೋಟ ಮಾಡಿ, ಅದರ ಫಲ ತಿನ್ನಿ. ಮದುವೆ ಮಾಡಿಕೊಳ್ಳಿ. ನೀವು ಸೇರಿದ ಆ ಪಟ್ಟಣದ ಒಳಿತಿಗಾಗಿ ದುಡಿಯಿರಿ, ಅದಕ್ಕಾಗಿ ಪ್ರಾರ್ಥಿಸಿ. ತಮ್ಮನ್ನು ಸೆರೆ ಹಿಡಿದು ಒಯ್ದವರ ಪಟ್ಟಣಕ್ಕಾಗಿ! ಕ್ಯಾಲೆಂಡರಿನ ವಚನ ಬರುವುದು ಇಷ್ಟೆಲ್ಲ ಆದ ಮೇಲೆ.

“ಹಾಗಾಗಿ ನಾನು ನಿಮಗೆ ಎಲ್ಲ ಸಲೀಸಾಗ್ತದೆ ಅಂತ ಹೇಳುದಿಲ್ಲ,” ಅಯ್ಯನವರು ಮುಂದಿನ ಬೆಂಚಿನತ್ತ ನೋಡಿದರು. “ಮೊದಲ ಸೆಮಿಸ್ಟರು ಕಷ್ಟವೇ. ಇಂಗ್ಲಿಷು ಕಷ್ಟವೇ. ಹಾಸ್ಟೆಲಿನ ಸಾರು ಇನ್ನೂ ಕಷ್ಟ. ಅಲ್ಲಿ ಅತಿಥಿಗಳ ಹಾಗೆ ಇರಬೇಡಿ. ಬೇರು ಬಿಡಿ. ಆ ಊರಿಗೆ ನಿಮ್ಮಿಂದ ಏನಾದರೂ ಒಳ್ಳೆಯದಾಗಲಿ.”

ಇಡೀ ಪ್ರಸಂಗ ಇಪ್ಪತ್ತು ನಿಮಿಷ ದಾಟಲಿಲ್ಲ. ಸುಳ್ಳು ಧೈರ್ಯ, ನಿಜ ಧೈರ್ಯ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ ಮೇಲೆ ಹೆಚ್ಚು ಮಾತು ಬೇಕಾಗಲೂ ಇಲ್ಲ. ಪ್ರೋತ್ಸಾಹದ ಹೆಸರಿನಲ್ಲಿ ಎಳೆಯರ ಕಿವಿಗೆ ಬೀಳುವುದು ಬಹುಪಾಲು ಹನನ್ಯನ ಮಾತೇ. ಎರಡು ವರ್ಷ ಕಣ್ಣು ಮುಚ್ಚಿ ಓದು, ಆಮೇಲೆ ಲೈಫ್ ಸೆಟ್ಲ್. ನಂಬಿಕೆ ಇದ್ದರೆ ರ‍್ಯಾಂಕ್ ಬಂದೇ ಬರುತ್ತದೆ. ಬಾರದಿದ್ದಾಗ ಆ ಹುಡುಗನಿಗೆ ಸೋಲು ಎರಡಾಗುತ್ತದೆ: ಸೀಟೂ ಹೋಯಿತು, ತನ್ನ ನಂಬಿಕೆಯೇ ಸಾಲಲಿಲ್ಲವೇನೋ ಎಂಬ ಅಪರಾಧ ಭಾವವೂ ಹೆಗಲೇರಿತು. ಎಪ್ಪತ್ತು ವರ್ಷದ ಲೆಕ್ಕ ಹೇಳಿದವನ ಮಾತಿನಲ್ಲಿ ಆ ಅಪಾಯವಿಲ್ಲ.

ಪ್ರಸಂಗದ ನಂತರ ಹೊರಡುವವರನ್ನು ಮುಂದಕ್ಕೆ ಕರೆದರು. ನಾಲ್ವರೂ ಎದ್ದು ವೇದಿಕೆಯ ಮೆಟ್ಟಿಲ ಬಳಿ ನಿಂತರು. ಕಂಬದ ಮರೆಯ ಹುಡುಗ ತಲೆ ಇನ್ನಷ್ಟು ಬಗ್ಗಿಸಿದ. ಅವನ ಭಾನುವಾರ ಶಾಲೆಯ ಟೀಚರು, ಈಗ ನಿವೃತ್ತರು, ಪಕ್ಕದ ಸಾಲಿನಿಂದ ಎದ್ದು ಬಂದು ಅವನ ಬೆಂಚಿನ ತುದಿಯಲ್ಲಿ ಕುಳಿತರು. ಏನೂ ಹೇಳಲಿಲ್ಲ. ಅಯ್ಯನವರು ಹೆಸರು ಹಿಡಿದು ಪ್ರಾರ್ಥಿಸುತ್ತಾ ಬಂದರು: ನರ್ಸಿಂಗಿನ ಹುಡುಗಿಯ ರಾತ್ರಿ ಪಾಳಿಗಾಗಿ, ಮಸ್ಕತ್ತಿನ ಬಿಸಿಲಿಗಾಗಿ, ಬೆಂಗಳೂರಿನ ಪಿಜಿಯ ಕೋಣೆಗಾಗಿ, ಹುಬ್ಬಳ್ಳಿಯ ಹಾಸ್ಟೆಲಿಗಾಗಿ. ಐದನೆಯ ಹೆಸರು ಅವನದು. ಈ ಊರಿನಲ್ಲೇ ಉಳಿದು, ಅಡುಗೆಮನೆಯ ಮೇಜಿನ ಮೇಲೆ ಅಕೌಂಟೆನ್ಸಿ ಓದುತ್ತಿರುವವನಿಗಾಗಿ, ಉಳಿದವರಿಗೆ ತೆಗೆದುಕೊಂಡಷ್ಟೇ ಹೊತ್ತು. ಹೋಗುವವರದು ಮಾತ್ರ ಪ್ರಯಾಣ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಆರಾಧನೆ ಮುಗಿದ ಮೇಲೆ ಪಕ್ಕದ ಹಾಲಿನಲ್ಲಿ ಚಾ, ಗೋಳಿಬಜೆ. ಪ್ರಸಂಗದ ನಿಜವಾದ ಎರಡನೆಯ ಭಾಗ ನಡೆಯುವುದು ಇಲ್ಲಿ. ಸ್ತ್ರೀ ಸಂಘದವರು ಒಣ ಸಿಗಡಿ ಚಟ್ನಿಯ ಡಬ್ಬಿಗಳನ್ನು ತಂದಿದ್ದಾರೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಹಸಿ ಮೀನಿಗೆ ಬರ. ಬೇಸಿಗೆಯಲ್ಲಿ ಒಣಗಿಸಿಟ್ಟದ್ದನ್ನೇ ಹುರಿದು, ತೆಂಗಿನಕಾಯಿ, ಕೆಂಪು ಮೆಣಸು, ಹುಳಿ ಸೇರಿಸಿ ಒಣಕಲಾಗಿ ಬೀಸಿದ್ದಾರೆ. ಮುಚ್ಚಳದ ಮೇಲೆ ಪ್ಲಾಸ್ಟಿಕ್ ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿಯಾಗಿದೆ, ಬಸ್ಸಿನಲ್ಲಿ ವಾಸನೆ ಹೊಡೆಯಬಾರದೆಂದು. ಆದರೂ ಹೊಡೆಯುತ್ತದೆ.

ಮೂವತ್ತೈದು ವರ್ಷ ವಾರ್ಡುಗಳಲ್ಲಿ ದುಡಿದ ಸಿಸ್ಟರ್ ಆಂಟಿ ನರ್ಸಿಂಗಿನ ಹುಡುಗಿಯನ್ನು ಕಿಟಕಿಯ ಬಳಿಗೆ ಕರೆದರು.

“ಹೋದ ದಿನ ಏನು ಮಾಡ್ತಿ?”

“ಪ್ರಾರ್ಥನೆ ಮಾಡ್ತೇನೆ ಆಂಟಿ.”

“ಮಾಡು. ಮೊದಲು ಹೊಟ್ಟೆ ತುಂಬ ಊಟ ಮಾಡು, ಮತ್ತೆ ಮಲಗು. ಎಲೀಯನ ಕಥೆ ಗೊತ್ತುಂಟಲ್ಲ? ಇನ್ನು ಸಾಕು, ನನ್ನ ಪ್ರಾಣ ತೆಗೆ ಅಂತ ಗಿಡದ ಕೆಳಗೆ ಬಿದ್ದುಕೊಂಡಿದ್ದ. ದೇವದೂತ ಬಂದು ಉಪದೇಶ ಮಾಡಿದನಾ? ಇಲ್ಲ. ರೊಟ್ಟಿ ಕೊಟ್ಟ, ನೀರು ಕೊಟ್ಟ. ಎಲೀಯ ತಿಂದು ಪುನಃ ಮಲಗಿದ. ಎರಡನೇ ಸಲವೂ ಎಬ್ಬಿಸಿ ತಿನ್ನಲು ಕೊಟ್ಟ. ದಾರಿ ದೂರ ಉಂಟು ಅಂತ. ಮಾತೆಲ್ಲ ಅದರ ನಂತರ.”

“ಅಳು ಬಂದರೆ?”

“ಅಳು, ಯಾರು ಬೇಡ ಅಂತಾರೆ! ಆದರೆ ಬಾತ್‌ರೂಮಲ್ಲಿ ಒಬ್ಬಳೇ ಅಳಬೇಡ. ರೂಮ್‌ಮೇಟಿನ ಎದುರು ಅಳು. ಅವಳೂ ಅಳ್ತಾ ಇರ್ತಾಳೆ, ನೋಡು. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕುದೇ ಬೇಡ ಅನಿಸಿದರೆ, ಸೀದಾ ಡಾಕ್ಟರ ಹತ್ತಿರ ಹೋಗು. ಜ್ವರಕ್ಕೆ ಹೋಗುದಿಲ್ವಾ, ಹಾಗೆ. ಅದು ನಂಬಿಕೆ ಕಡಿಮೆ ಅಂತ ಅಲ್ಲ.”

ಅತ್ತ ಮಸ್ಕತ್ತಿನ ಹುಡುಗನ ಸುತ್ತ ಗಲ್ಫಿನಿಂದ ಮರಳಿದ ಹಿರಿಯರು ಸೇರಿದ್ದಾರೆ. ಅಲ್ಲಿ ರಜೆ ಶುಕ್ರವಾರ, ಆರಾಧನೆಗೂ ಹೆಚ್ಚಿನವರು ಸೇರುವುದು ಅಂದೇ. ರುವಿಯ ಚರ್ಚಿನ ಆವರಣದಲ್ಲಿ ಬೇರೆ ಬೇರೆ ಭಾಷೆಯ ಸಭೆಗಳು ಸರದಿಯ ಮೇಲೆ ಕೂಡುತ್ತವೆ ಎಂದು ಒಬ್ಬರು ವಿವರಿಸುತ್ತಿದ್ದಾರೆ. ಇನ್ನೊಬ್ಬರು ದಾನಿಯೇಲನ ಕಥೆ ಎತ್ತಿದರು. ಪರದೇಶಕ್ಕೆ ಹೋದವನಿಗೆ ಹೆಸರು ಬದಲಾಯಿತು, ಭಾಷೆ ಬದಲಾಯಿತು; ಅವನು ಎಲ್ಲದಕ್ಕೂ ಜಗಳ ಮಾಡಲಿಲ್ಲ. ಬಾಬೆಲಿನವರ ವಿದ್ಯೆಯನ್ನು ಅವರಿಗಿಂತ ಚೆನ್ನಾಗಿ ಕಲಿತ. ಊಟದ ವಿಷಯದಲ್ಲಿ ಮಾತ್ರ ಮನಸ್ಸಾಕ್ಷಿ ಒಪ್ಪಲಿಲ್ಲ. ಅದನ್ನೂ ಗಲಾಟೆ ಮಾಡದೆ ಕೇಳಿದ: ಹತ್ತು ದಿನ ಕಾಯಿಪಲ್ಯ, ನೀರು ಕೊಟ್ಟು ನೋಡಿ ಎಂದು. “ಮತ್ತೆ ಇನ್ನೊಂದು ನೋಡು ಮಾರಾಯ, ದಾನಿಯೇಲ ಒಬ್ಬನೇ ಇರಲಿಲ್ಲ. ಅವರು ನಾಲ್ಕು ಜನ. ನೀನು ಮೊದಲು ಮೂರು ಜನರನ್ನು ಹುಡುಕು.”

ಜೊತೆಗಾರರನ್ನು ಹುಡುಕಿದವರ ಚರಿತ್ರೆ ದೊಡ್ಡದು. 1844ರ ಜೂನ್ 6ರಂದು ಲಂಡನಿನ ಬಟ್ಟೆ ಅಂಗಡಿಯೊಂದರ ಮಹಡಿ ಕೋಣೆಯಲ್ಲಿ ಹನ್ನೆರಡು ಮಂದಿ ಹುಡುಗರು ಸೇರಿದ್ದರು. ಅವರನ್ನು ಕೂಡಿಸಿದ ಜಾರ್ಜ್ ವಿಲಿಯಮ್ಸ್‌ಗೆ ವಯಸ್ಸು 22. ಹಳ್ಳಿಯಿಂದ ಬಂದು ಆ ಅಂಗಡಿಯಲ್ಲಿ ಕೆಲಸಕ್ಕೆ ನಿಂತವನು. ದಿನವಿಡೀ ದುಡಿತ, ಅಂಗಡಿಯ ಮೇಲೆಯೇ ವಾಸ, ಹೊರಗೆ ಹೋದರೆ ಹೆಂಡದಂಗಡಿ. ಹೀಗೆ ಪೇಟೆಯಲ್ಲಿ ಕಳೆದುಹೋಗುತ್ತಿದ್ದ ತಮ್ಮಂಥವರು ಒಟ್ಟು ಕೂತು ಬೈಬಲ್ ಓದಿ ಪ್ರಾರ್ಥಿಸಲೆಂದು ಮಾಡಿಕೊಂಡ ಕೂಟವೇ ವೈಎಂಸಿಎ. 1855ರಲ್ಲಿ ಅದೇ ಲಂಡನಿನಲ್ಲಿ ಮೇರಿ ಜೇನ್ ಕಿನ್ನೇರ್ಡ್, ಕ್ರಿಮಿಯಾ ಯುದ್ಧಕ್ಕೆ ಹೋಗಿಬರುವ ನರ್ಸ್‌ಗಳಿಗಾಗಿ ವಸತಿಯೊಂದನ್ನು ತೆರೆದರು; ವೈಡಬ್ಲ್ಯುಸಿಎ ಬೆಳೆದದ್ದು ಅಲ್ಲಿಂದ. ಎರಡೂ ಸಂಸ್ಥೆಗಳ ಬುಡದಲ್ಲಿರುವುದು ಊರು ಬಿಟ್ಟು ಬಂದವರಿಗೆ ಬೇಕಾದ ಅದೇ ಎರಡು ಸಂಗತಿ: ತಲೆಯ ಮೇಲೊಂದು ಸೂರು, ಹೆಸರು ಹಿಡಿದು ಕರೆಯುವ ನಾಲ್ಕು ಜನ.

ಹಾಲ್ ಖಾಲಿಯಾಗುತ್ತಿದ್ದಂತೆ ಅಯ್ಯನವರು ನಾಲ್ವರನ್ನೂ ಕಚೇರಿಗೆ ಕರೆದು ಒಂದೊಂದು ಲಕೋಟೆ ಕೊಟ್ಟರು. ಒಳಗಿದ್ದದ್ದು ಸಭೆಯ ಮೊಹರು ಬಿದ್ದ, ಕೈಯಲ್ಲೇ ಬರೆದ ಪತ್ರ. ಈ ಪತ್ರ ತರುವವಳು ನಮ್ಮ ಸಭೆಯ ಮಗಳು, ದೃಢೀಕರಣವಾದವಳು, ಆಲ್ಟೋ ಹಾಡುತ್ತಾಳೆ, ನಿಮ್ಮಲ್ಲಿ ಸೇರಿಸಿಕೊಳ್ಳಿ ಎಂಬಷ್ಟು ವಿಷಯ. ಕೆಳಗೆ ಫೋನ್ ನಂಬರು. ನರ್ಸಿಂಗಿನ ಹುಡುಗಿಯ ಕಾಲೇಜಿನಿಂದ ಬಸ್ಸು ಹಿಡಿದರೆ ಕಾರ್ಪೊರೇಷನ್ ಹತ್ತಿರದ ಹಡ್ಸನ್ ಸ್ಮಾರಕ ಚರ್ಚಿಗೆ ಸುಲಭ. 1904ರ ಕಲ್ಲಿನ ಕಟ್ಟಡ, ಕನ್ನಡದ ಆರಾಧನೆ. ಇಂಥ ಪತ್ರ ಕೊಡುವುದೂ ಹೊಸದೇನಲ್ಲ. ಪೌಲ ರೋಮಾಪುರದ ಸಭೆಗೆ ಬರೆದ ಪತ್ರಿಕೆಯ ಕಡೆಯ ಅಧ್ಯಾಯ ಶುರುವಾಗುವುದೇ ಫೊಯಿಬೆ ಎಂಬ ಸಹೋದರಿಯನ್ನು ಸೇರಿಸಿಕೊಳ್ಳಿ, ಆಕೆಗೆ ಬೇಕಾದ ಸಹಾಯ ಮಾಡಿ ಎಂಬ ಶಿಫಾರಸಿನಿಂದ.

ಇಲ್ಲಿಗೆ ಈ ಸಣ್ಣ ಊರಿನ ಸಭೆ ತನ್ನ ಪಾಲಿನ ಕೆಲಸ ಮುಗಿಸಿದಂತಾಯಿತು. ಉಳಿದ ಅರ್ಧ ಘಟ್ಟದ ಮೇಲಿನವರದು. ಜೂನ್, ಜುಲೈಯಲ್ಲಿ ಬೆಂಗಳೂರಿನ, ಮೈಸೂರಿನ, ಹುಬ್ಬಳ್ಳಿಯ ಚರ್ಚುಗಳಲ್ಲಿ ಕೊನೆಯ ಬೆಂಚನ್ನು ಗಮನಿಸಿದರೆ ಸಾಕು, ಇವರು ಕಾಣಸಿಗುತ್ತಾರೆ. ಸಂಗೀತ ಪುಸ್ತಕ ಬೇರೆ, ರಾಗ ಬೇರೆ, ಗುರುತಿನ ಮುಖವಿಲ್ಲ. ಲಕೋಟೆ ಚೀಲದಲ್ಲೇ ಇರುತ್ತದೆ, ಕೊಡಲು ಸಂಕೋಚ. ಕೊನೆಯ ಆಶೀರ್ವಾದಕ್ಕೆ ಎಲ್ಲರೂ ತಲೆ ಬಗ್ಗಿಸಿದಾಗ ಮೆಲ್ಲನೆ ಎದ್ದು ಹೊರಟುಬಿಡುತ್ತಾರೆ. ಮೂರು ಭಾನುವಾರ ಹೀಗಾದರೆ ನಾಲ್ಕನೆಯ ಭಾನುವಾರ ಅವರು ಬರುವುದಿಲ್ಲ. ಆಮೇಲೆ ಯುವಜನರು ದೇವಾಲಯಕ್ಕೆ ಬರುತ್ತಿಲ್ಲವೆಂದು ವಿಚಾರ ಸಂಕಿರಣ ನಡೆಸುತ್ತೇವೆ. ಅದಕ್ಕಿಂತ ಅಗ್ಗದ ಉಪಾಯವುಂಟು: ಸಭಾ ಸಮಿತಿಯ ಇಬ್ಬರನ್ನು ಈ ಎರಡು ತಿಂಗಳ ಮಟ್ಟಿಗೆ ಕೊನೆಯ ಬೆಂಚಿನಲ್ಲೇ ಕೂರಿಸಿ, ಹೊಸ ಮುಖ ಕಂಡರೆ ಅಂದೇ ಮಧ್ಯಾಹ್ನ ಮನೆಗೆ ಊಟಕ್ಕೆ ಕರೆದೊಯ್ಯುವುದು. ಪ್ರಸಂಗಕ್ಕೆ ಯಾವ ವಚನ ಎಂಬುದನ್ನು ಶನಿವಾರ ಸಂಜೆ ನಿರ್ಧರಿಸಿದರೂ ನಡೆದೀತು, ಅನ್ನಕ್ಕೆ ಇಡುವಾಗ ಒಂದು ಪಾವು ಅಕ್ಕಿ ಜಾಸ್ತಿ ಹಾಕಿಕೊಳ್ಳುವುದನ್ನು ಮಾತ್ರ ಮರೆಯಬಾರದು.