ಸುಲಭ ಬೆಲೆಯ ಡ್ಯಾಕ್: ನಂಬಿಕೆ ಮತ್ತು ನಿಜ

ಮೊಬೈಲಿನಲ್ಲಿಯೋ ಕಂಪ್ಯೂಟರಿನಲ್ಲಿಯೋ ಅಂಕಿಗಳಾಗಿ ಶೇಖರಗೊಂಡಿರುವ ಸಂಗೀತವನ್ನು ವಿದ್ಯುತ್ತಿನ ಅಲೆಯಾಗಿ ಮಾರ್ಪಡಿಸಿ ಆಂಪ್ಲಿಫೈಯರಿಗೆ ಒಪ್ಪಿಸುವ ಡ್ಯಾಕ್ ಎಂಬ ಉಪಕರಣದ ಬೆಲೆ ಏರಿದಷ್ಟೂ ನಾದದ ಮಾಧುರ್ಯವೂ ಏರುತ್ತದೆಂಬ ನಂಬಿಕೆ ರಸಿಕರಲ್ಲಿ ಆಳವಾಗಿ ಬೇರೂರಿದೆ. 1982ರಲ್ಲಿ ಸಿಡಿ ಮಾರುಕಟ್ಟೆಗೆ ಬಂದಾಗ ಈ ನಂಬಿಕೆ ನಿರಾಧಾರವಾಗಿರಲಿಲ್ಲ. ಸಿಡಿಗೆ ತಕ್ಕ 16 ಬಿಟ್ಟಿನ ಪರಿವರ್ತಕವನ್ನು ನಿರ್ಮಿಸುವುದು ಅಂದು ಎಷ್ಟು ಕಷ್ಟಸಾಧ್ಯವಾಗಿತ್ತೆಂದರೆ, ಸಿಡಿಯ ಜನಕರಲ್ಲೊಂದಾದ ಫಿಲಿಪ್ಸ್ ಸಂಸ್ಥೆಯೇ ತನ್ನ ಮೊದಲ ಪ್ಲೇಯರುಗಳಲ್ಲಿ 14 ಬಿಟ್ಟಿನ ಚಿಪ್ಪನ್ನು ಅಳವಡಿಸಿತ್ತು. ಇಂದು ಆ ಕಷ್ಟ ಉಳಿದಿಲ್ಲ. ಆಪಲ್ ಸಂಸ್ಥೆ ಅಮೆರಿಕದಲ್ಲಿ 9 ಡಾಲರಿಗೆ ಮಾರುವ ಯುಎಸ್‌ಬಿ-ಸಿ ಹೆಡ್‌ಫೋನ್ ಅಡಾಪ್ಟರಿನಲ್ಲಿಯೂ ಡ್ಯಾಕ್ ಒಂದು ಅಡಗಿದ್ದು, ಅದರ ಗದ್ದಲವೂ ವಿಕೃತಿಯೂ ಮನೆಯ ಕೋಣೆಯಲ್ಲಿ ಕಿವಿಗೆ ನಿಲುಕದಷ್ಟು ಅಲ್ಪ.

ಅಂಕಿಗಳಿಂದ ಮರಳಿದ ಧ್ವನಿ ಮೆಟ್ಟಿಲುಮೆಟ್ಟಿಲಾಗಿರುತ್ತದೆ, ದುಬಾರಿ ಯಂತ್ರ ಮಾತ್ರ ಅದನ್ನು ನಯಗೊಳಿಸಬಲ್ಲದು ಎಂಬುದು ಇನ್ನೊಂದು ಭ್ರಾಂತಿ. ಚಿತ್ರಗಳಲ್ಲಿ ಕಾಣುವ ಆ ಮೆಟ್ಟಿಲುಗಳನ್ನು ಡ್ಯಾಕಿನ ಫಿಲ್ಟರು ಅಳಿಸಿಬಿಡುತ್ತದೆ. ಸೆಕೆಂಡಿಗೆ 44,100 ಬಾರಿ ಅಳೆದ ಧ್ವನಿಯಲ್ಲಿ, ಆ ಸಂಖ್ಯೆಯ ಅರ್ಧಕ್ಕಿಂತ ಕೆಳಗಿನ, ಎಂದರೆ 22,050 ಹರ್ಟ್ಸಿನೊಳಗಿನ ಸ್ವರವೆಲ್ಲವೂ ನುಣುಪಾದ ಅಲೆಯಾಗಿಯೇ ಮರಳಿ ದೊರೆಯುವುದೆಂಬುದು ಗಣಿತಸಿದ್ಧವಾದ ಸಂಗತಿ. ಎಳೆಯರ ಕಿವಿಯೂ ಸಾಮಾನ್ಯವಾಗಿ 20,000 ಹರ್ಟ್ಸಿನ ಆಚೆಗೆ ಕೇಳದು. ಸಿಡಿಗಿಂತ ಸೂಕ್ಷ್ಮವಾಗಿ ದಾಖಲಾದ ಧ್ವನಿಯೆಂದು ಸಾರುವ ಹೈ-ರೆಸ್ ಎಂಬ ಮುದ್ರೆಗೆ ಹಣ ತೆರುವ ಮುನ್ನ, ಅಮೆರಿಕದ ಮೇಯರ್ ಮತ್ತು ಮೊರಾನ್ 2007ರಲ್ಲಿ ಪ್ರಕಟಿಸಿದ ಪರೀಕ್ಷೆಯನ್ನು ನೆನೆಯುವುದು ಒಳಿತು: ಹೈ-ರೆಸ್ ಧ್ವನಿಯನ್ನೂ, ಅದನ್ನೇ ಸಿಡಿಯ ಮಟ್ಟಕ್ಕಿಳಿಸಿದ ರೂಪವನ್ನೂ, ಯಾವುದು ಯಾವುದೆಂದು ತಿಳಿಸದೆ ಕೇಳಿಸಿದಾಗ, 554 ಯತ್ನಗಳಲ್ಲಿ ಸರಿಯುತ್ತರ ಬಂದದ್ದು 276. ನಾಣ್ಯ ಚಿಮ್ಮಿ ಹೇಳಿದ್ದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು.

ಹಾಗಾದರೆ ಅಂಗಡಿಯಲ್ಲಿ ಕೇಳಿಬರುವ ವ್ಯತ್ಯಾಸವೆಲ್ಲ ಸುಳ್ಳೆ? ಅಲ್ಲ; ಬಹುಮಟ್ಟಿಗೆ ಅದು ಸದ್ದಿನ ಹೆಚ್ಚುಕಡಿಮೆ. ದೊಡ್ಡ ಡ್ಯಾಕ್ 2 ವೋಲ್ಟನ್ನೂ ಮೇಲೆ ಹೇಳಿದ ಅಡಾಪ್ಟರು ಸುಮಾರು 1 ವೋಲ್ಟನ್ನೂ ಹೊರಡಿಸುವುದರಿಂದ, ವಾಲ್ಯೂಮನ್ನು ಸರಿಹೊಂದಿಸದೆ ಹೋಲಿಸಿದಾಗ ಜೋರಾದದ್ದೇ ಇಂಪೆಂದು ಮನಸ್ಸು ತೀರ್ಪು ಕೊಡುತ್ತದೆ. ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಆ ಅಡಾಪ್ಟರಿನ ಸದ್ದು ಇನ್ನೂ ತಗ್ಗುವುದುಂಟು; ಅಂಥ ಫೋನುಳ್ಳವರು ಬೇರೊಂದನ್ನು ಕೊಳ್ಳುವುದು ಲೇಸು.

ಡ್ಯಾಕನ್ನು ಆರಿಸುವಾಗ ನಿಜವಾಗಿ ಲಕ್ಷ್ಯ ಕೊಡತಕ್ಕದ್ದು ಗುಂಯ್‌ಗುಡುವಿಕೆಗೆ. ಆಲಾಪದ ಆರಂಭದಲ್ಲಿ, ತಂಬೂರಿಯ ಶ್ರುತಿಯೊಂದೇ ಮಿಡಿಯುತ್ತಿರುವಾಗ, ಅದರಡಿಯಲ್ಲಿ 50 ಹರ್ಟ್ಸಿನ ಕರೆಂಟಿನ ಸದ್ದು ಕೇಳಿಸಿತೆಂದರೆ ರಸಭಂಗವಾದಂತೆಯೇ. ಲ್ಯಾಪ್‌ಟಾಪಿನ ಚಾರ್ಜರನ್ನು ಕಿತ್ತೊಡನೆ ಅದು ನಿಂತುಹೋದರೆ ದೋಷ ಬಹುಶಃ ಡ್ಯಾಕಿನದಲ್ಲ, ಅರ್ಥಿಂಗಿನದು. ಟಿವಿಗೆ ಜೋಡಿಸುವವರು ಆಪ್ಟಿಕಲ್ ಇನ್‌ಪುಟ್ ಉಳ್ಳ ಡ್ಯಾಕನ್ನೇ ಕೊಳ್ಳಬೇಕು. ಆ ಕೇಬಲ್ಲಿನಲ್ಲಿ ಹರಿಯುವುದು ಬೆಳಕಾದುದರಿಂದ ಅದರ ಮೂಲಕ ಗುಂಯ್‌ಕಾರ ದಾಟಲಾರದು. ಟಿವಿಯ ಆಡಿಯೋ ಸೆಟ್ಟಿಂಗನ್ನು ಪಿಸಿಎಂಗೆ ಇಡುವುದನ್ನು ಮಾತ್ರ ಮರೆಯಬಾರದು. ಇಲ್ಲವಾದರೆ ಡಾಲ್ಬಿ ಸಂಕೇತವನ್ನು ಅರಿಯದ ಸಾಧಾರಣ ಡ್ಯಾಕ್ ಮೂಕವಾಗಿಬಿಡುತ್ತದೆ.

ಇಷ್ಟನ್ನು ಪೂರೈಸುವ ಅಗ್ಗದ ಡ್ಯಾಕನ್ನು ನಿಶ್ಶಂಕೆಯಿಂದ ಕೊಂಡು, ಉಳಿದ ಹಣವನ್ನು ಸ್ಪೀಕರುಗಳಿಗೆ ಮೀಸಲಿಡಿ. ಒಂದು ಸ್ಪೀಕರಿಗೂ ಇನ್ನೊಂದಕ್ಕೂ ಇರುವ ಅಂತರ ಯಾರ ಕಿವಿಗೂ ತಿಳಿಯುತ್ತದೆ.