ಯಾರನ್ನು, ಎಲ್ಲಿ? ಸ್ಟ್ರಾಟ್‌ಫರ್ಡ್‌ನ ಕ್ಯಾಮೆರಾ ಮತ್ತು ಹುಬ್ಬಳ್ಳಿಯ ಸೆಟ್ಲಮೆಂಟ್



ನಾವು ಸೇರಿರುವ ಈ ಸ್ಟ್ರಾಟ್‌ಫರ್ಡ್‌ಗೆ ಅಪರಾಧ ತಡೆಯ ಚರಿತ್ರೆಯಲ್ಲಿ ಒಂದು ಸ್ಥಾನವಿದೆ. 2020ರ ಫೆಬ್ರವರಿ 11ರಂದು ಲಂಡನ್‌ನ ಮೆಟ್ರೊಪಾಲಿಟನ್ ಪೊಲೀಸರು ಮುಖ ಗುರುತಿಸುವ ಕ್ಯಾಮೆರಾವನ್ನು ಪ್ರಯೋಗದ ಹಂತ ದಾಟಿಸಿ, ನಿಜವಾದ ಪೊಲೀಸ್ ಕೆಲಸಕ್ಕೆ ಮೊದಲ ಬಾರಿ ಇಳಿಸಿದ್ದು ಇಲ್ಲಿನ ಸ್ಟ್ರಾಟ್‌ಫರ್ಡ್ ಸೆಂಟರ್ ಹತ್ತಿರ. ಅದಕ್ಕೂ ಮೊದಲು, 2018ರಲ್ಲಿ, ವೆಸ್ಟ್‌ಫೀಲ್ಡ್ ಮಾಲ್‌ಗೆ ಹೋಗುವವರ ದಾರಿಯಲ್ಲೇ ಅದರ ಪರೀಕ್ಷೆ ನಡೆದಿತ್ತು. ಶಿಫ್ಟ್ ಮುಗಿಸಿ ಸ್ಟೇಷನ್ ಕಡೆ ಓಡುವ ನರ್ಸ್, ಕೇರ್ ಹೋಮ್ ಕೆಲಸಗಾರ, ಐಟಿ ಉದ್ಯೋಗಿ, ಡೆಲಿವರಿ ಹುಡುಗ ಎಲ್ಲರೂ ನಡೆಯುವ ದಾರಿ ಅದು. ಆದ್ದರಿಂದ ಇದು ನಮ್ಮ ವಿಷಯವೂ ಹೌದು.

ಈ ವ್ಯವಸ್ಥೆ ಕೆಲಸ ಮಾಡುವ ಬಗೆ ಸರಳ. ಬೇಕಾದವರ ಫೋಟೊಗಳ ಪಟ್ಟಿಯೊಂದನ್ನು ಪೊಲೀಸರು ಮೊದಲೇ ಸಿದ್ಧಪಡಿಸುತ್ತಾರೆ. ಕ್ಯಾಮೆರಾ ದಾರಿಹೋಕರ ಪ್ರತಿಯೊಂದು ಮುಖವನ್ನೂ ಅಂಕಿಗಳಾಗಿ ಮಾರ್ಪಡಿಸಿ ಆ ಪಟ್ಟಿಯೊಂದಿಗೆ ಹೋಲಿಸುತ್ತದೆ. ಹೋಲಿಕೆ ಕಂಡರೆ ಎಚ್ಚರಿಕೆ ಬರುತ್ತದೆ. ತಡೆಯಬೇಕೋ ಬಿಡಬೇಕೋ ಎಂದು ಅಲ್ಲಿ ನಿಂತ ಅಧಿಕಾರಿ ತೀರ್ಮಾನಿಸುತ್ತಾರೆ. ಪಟ್ಟಿಯಲ್ಲಿಲ್ಲದವರ ಮುಖದ ಮಾಹಿತಿಯನ್ನು ತಕ್ಷಣ ಅಳಿಸುತ್ತೇವೆ ಎನ್ನುತ್ತಾರೆ ಪೊಲೀಸರು.

ಇದರ ಪರವಾದ ವಾದವನ್ನು ಮೊದಲು ನ್ಯಾಯವಾಗಿ ಕೇಳೋಣ. 1764ರಲ್ಲೇ ಇಟಲಿಯ ಚೆಸಾರೆ ಬೆಕ್ಕಾರಿಯಾ ಒಂದು ಮಾತು ಹೇಳಿದ್ದ: ಅಪರಾಧವನ್ನು ತಡೆಯುವುದು ಶಿಕ್ಷೆಯ ಕ್ರೌರ್ಯವಲ್ಲ, ಶಿಕ್ಷೆ ತಪ್ಪದು ಎಂಬ ಖಚಿತತೆ. ಸಿಕ್ಕಿಬೀಳುವುದೇ ಇಲ್ಲ ಎಂದು ನಂಬಿದವನನ್ನು ಇಪ್ಪತ್ತು ವರ್ಷದ ಜೈಲೂ ಹೆದರಿಸದು. ಸಿಕ್ಕಿಬೀಳುವುದು ಖಂಡಿತ ಎಂದಾದರೆ ಸಣ್ಣ ಶಿಕ್ಷೆಯೂ ಸಾಕು. ಕ್ಯಾಮೆರಾ ಕೊಡುವ ಭರವಸೆ ಈ ಖಚಿತತೆಯೇ. ಮನೆಯಲ್ಲಿ ಕಳ್ಳತನವಾದವರಿಗೆ, ರಾತ್ರಿ ಬಸ್ಸಿನಲ್ಲಿ ಹಲ್ಲೆಗೆ ಒಳಗಾದವರಿಗೆ ಅದರ ಬೆಲೆ ಗೊತ್ತು.

ಆದರೆ ಲೆಕ್ಕದಲ್ಲಿ ಒಂದು ತೊಡಕಿದೆ. ಪೊಲೀಸರ ಪ್ರಯೋಗಗಳಲ್ಲಿ ಆರನ್ನು ಎಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರತ್ಯಕ್ಷವಾಗಿ ನೋಡಿ 2019ರಲ್ಲಿ ವರದಿ ಕೊಟ್ಟರು. ಯಂತ್ರ ಕೊಟ್ಟ 42 ಹೋಲಿಕೆಗಳಲ್ಲಿ ಖಚಿತವಾಗಿ ಸರಿಯಾದವು 8 ಮಾತ್ರ. ಪೊಲೀಸರು ಮಾತ್ರ ತಪ್ಪು ಸಾವಿರಕ್ಕೊಂದು ಎಂದರು. ಇಬ್ಬರೂ ಸುಳ್ಳು ಹೇಳಲಿಲ್ಲ. ಪೊಲೀಸರು ತಪ್ಪನ್ನು ದಾರಿಯಲ್ಲಿ ನಡೆದ ಎಲ್ಲ ಮುಖಗಳಿಗೆ ಭಾಗಿಸಿದರು, ಸಂಶೋಧಕರು ಬಂದ ಎಚ್ಚರಿಕೆಗಳಿಗೆ ಭಾಗಿಸಿದರು.

ಒಂದು ಕಾಲ್ಪನಿಕ ಉದಾಹರಣೆ ನೋಡಿ. ಹತ್ತು ಸಾವಿರ ಜನ ನಡೆದುಹೋಗುತ್ತಾರೆ, ಅವರಲ್ಲಿ ಹತ್ತು ಮಂದಿ ಪೊಲೀಸರಿಗೆ ಬೇಕಾದವರು. ಯಂತ್ರ ಆ ಹತ್ತರಲ್ಲಿ ಎಂಟು ಮಂದಿಯನ್ನು ಹಿಡಿಯುತ್ತದೆ ಎನ್ನೋಣ. ಉಳಿದವರಲ್ಲಿ ಸಾವಿರಕ್ಕೊಬ್ಬರಂತೆ ತಪ್ಪಿದರೂ ಸುಮಾರು ಹತ್ತು ಮಂದಿ ನಿರಪರಾಧಿಗಳ ಮೇಲೆ ಎಚ್ಚರಿಕೆ ಬರುತ್ತದೆ. ಅಂದರೆ ಹದಿನೆಂಟು ಎಚ್ಚರಿಕೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ತಪ್ಪು! ಹುಡುಕುವ ವಸ್ತು ಅಪರೂಪವಾದಷ್ಟೂ, ಒಳ್ಳೆಯ ಯಂತ್ರ ಕೂಡ ಹೆಚ್ಚು ನಿರಪರಾಧಿಗಳತ್ತ ಬೆರಳು ತೋರಿಸುತ್ತದೆ.

ಯಂತ್ರ ಈಚೆಗೆ ಸುಧಾರಿಸಿದೆ, ನಿಜ. 2023ರಲ್ಲಿ ಬ್ರಿಟನ್‌ನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿ ಪರೀಕ್ಷಿಸಿದಾಗ, ಹೋಲಿಕೆಯ ಮಟ್ಟವನ್ನು ಬಿಗಿಯಾಗಿಟ್ಟರೆ ಜನಾಂಗಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅದೇ ಮಟ್ಟವನ್ನು ಸಡಿಲಿಸಿದರೆ ಕಪ್ಪು ವರ್ಣೀಯರ ಮೇಲೆ ತಪ್ಪು ಹೆಚ್ಚಿತು. ಅಂದರೆ ನ್ಯಾಯ ಇರುವುದು ಯಂತ್ರದೊಳಗಲ್ಲ, ಅದರ ತಿರುಪು ಹಿಡಿದ ಕೈಯಲ್ಲಿ. ಸಮಾಜಶಾಸ್ತ್ರದ ಕೆಲಸ ಶುರುವಾಗುವುದು ಇಲ್ಲಿಂದ. ಪಟ್ಟಿಗೆ ಹೆಸರು ಸೇರಿಸುವವರು ಯಾರು? ವ್ಯಾನು ನಿಲ್ಲುವುದು ಯಾರ ಬೀದಿಯಲ್ಲಿ?

ಈ ಪ್ರಶ್ನೆ ಕನ್ನಡಿಗರಿಗೆ ಹೊಸದಾಗಬಾರದು. 1871ರಲ್ಲಿ ಬ್ರಿಟಿಷ್ ಸರ್ಕಾರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದಿತು. ಕೆಲವು ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಗೆ ಸೇರಿಸಿತು. ಅವರು ಪೊಲೀಸರ ಮುಂದೆ ಹಾಜರಿ ಹಾಕಬೇಕು, ಅನುಮತಿಯಿಲ್ಲದೆ ಊರು ಬಿಡಬಾರದು. ಮುಂಬೈ ಪ್ರಾಂತ್ಯದ ಕಾಲದಲ್ಲಿ ಹುಬ್ಬಳ್ಳಿ, ಗದಗ, ವಿಜಯಪುರಗಳಲ್ಲಿ ಅಂಥವರಿಗಾಗಿ ಸೆಟ್ಲಮೆಂಟ್‌ಗಳು ಎದ್ದವು. 1952ರಲ್ಲಿ ಕಾಯ್ದೆ ರದ್ದಾಯಿತು, ಆ ಸಮುದಾಯಗಳು ವಿಮುಕ್ತರಾದವು. ಆದರೆ ಹುಬ್ಬಳ್ಳಿಯಲ್ಲಿ ‘ಸೆಟ್ಲಮೆಂಟ್’ ಎಂಬ ಹೆಸರು ಉಳಿಯಿತು, ಅದರೊಂದಿಗೆ ಅನುಮಾನವೂ ಉಳಿಯಿತು. ಅಮೆರಿಕದ ಸಮಾಜಶಾಸ್ತ್ರಜ್ಞ ಹೊವರ್ಡ್ ಬೆಕರ್ 1963ರಲ್ಲಿ ವಿವರಿಸಿದ್ದು ಇದನ್ನೇ: ಹಣೆಪಟ್ಟಿ ಹಚ್ಚಿದ ಮೇಲೆ ಸಮಾಜ ನೋಡುವುದು ಮನುಷ್ಯನನ್ನಲ್ಲ, ಹಣೆಪಟ್ಟಿಯನ್ನು. ಕೆಲಸ ಸಿಗದೆ, ಮನೆ ಸಿಗದೆ, ಕೊನೆಗೆ ಆ ಪಟ್ಟಿಯೇ ಅಪರಾಧದ ದಾರಿ ತೋರಿಸಲೂಬಹುದು.

ಇಂದಿನ ಕ್ಯಾಮೆರಾದ ಪಟ್ಟಿ 1871ರ ಪಟ್ಟಿಯಲ್ಲ. ಅದು ವ್ಯಕ್ತಿಗಳದ್ದು, ಜಾತಿಯದ್ದಲ್ಲ. ಮೇಲಾಗಿ ಇಲ್ಲಿ ನ್ಯಾಯಾಲಯದ ಅಂಕುಶವಿದೆ. ಕಾರ್ಡಿಫ್‌ನ ಒಬ್ಬ ನಾಗರಿಕರು ಹೂಡಿದ ದಾವೆಯಲ್ಲಿ, 2020ರ ಆಗಸ್ಟ್‌ನಲ್ಲಿ, ಸೌತ್ ವೇಲ್ಸ್ ಪೊಲೀಸರು ಈ ತಂತ್ರಜ್ಞಾನ ಬಳಸಿದ ರೀತಿ ಕಾನೂನುಬಾಹಿರ ಎಂದು ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು. ಅದು ಹಿಡಿದ ಮುಖ್ಯ ದೋಷಗಳಲ್ಲೊಂದು ಇದು: ಯಾರನ್ನು ಪಟ್ಟಿಗೆ ಸೇರಿಸಬೇಕು, ಕ್ಯಾಮೆರಾ ಎಲ್ಲಿಡಬೇಕು ಎಂಬುದನ್ನು ಅಧಿಕಾರಿಗಳ ಇಚ್ಛೆಗೆ ಅತಿಯಾಗಿ ಬಿಡಲಾಗಿತ್ತು. ‘ಯಾರನ್ನು, ಎಲ್ಲಿ’ ಎಂಬ ಎರಡು ಪದಗಳನ್ನು ನೆನಪಿಡಿ. ಬೆಂಗಳೂರಿನ ಸೇಫ್ ಸಿಟಿ ಯೋಜನೆಯ ಸಾವಿರಾರು ಕ್ಯಾಮೆರಾಗಳಿಗೂ ಇದೇ ಪ್ರಶ್ನೆ ಹಾಕಬೇಕು.

ವಲಸಿಗರಿಗೆ ಇದರ ಬೆಲೆ ಹೆಚ್ಚು. ಪೊಲೀಸರು ಐದು ನಿಮಿಷ ತಡೆದು ನಿಲ್ಲಿಸಿದರೆ ಬೇರೆಯವರಿಗೆ ಕಿರಿಕಿರಿ, ವೀಸಾದ ಮೇಲೆ ಬದುಕುವವರಿಗೆ ಎದೆನಡುಕ. ಬಂಧನ ಅಥವಾ ಶಿಕ್ಷೆಯವರೆಗೆ ಹೋದರೆ ವೀಸಾ ಅರ್ಜಿ, ಕೇರ್ ಕೆಲಸದ ಡಿಬಿಎಸ್ ತಪಾಸಣೆ ಎಲ್ಲಕ್ಕೂ ತಗಲಿಕೊಳ್ಳಬಹುದು. ಹಾಗೆಂದು ಹೆದರಿ ಓಡಬೇಡಿ, ಜಗಳಕ್ಕೂ ಇಳಿಯಬೇಡಿ. 2019ರಲ್ಲಿ ಇಲ್ಲಿಗೆ ಹತ್ತಿರದ ರಾಮ್‌ಫರ್ಡ್‌ನಲ್ಲಿ ಕ್ಯಾಮೆರಾ ಕಂಡು ಮುಖ ಮುಚ್ಚಿಕೊಂಡವರೊಬ್ಬರು, ಮಾತಿಗೆ ಮಾತು ಬೆಳೆದು 90 ಪೌಂಡ್ ದಂಡ ತೆತ್ತರು. ದಂಡ ಬಿದ್ದದ್ದು ಅಶಿಸ್ತಿನ ವರ್ತನೆಗೆ. ತಡೆದರೆ ಶಾಂತವಾಗಿ ಕಾರಣ ಕೇಳಿ. ಮೈ ಅಥವಾ ಚೀಲ ತಪಾಸಣೆ ಮಾಡಿದರೆ ಅದರ ಕಾರಣ, ಅಧಿಕಾರಿಯ ಠಾಣೆ ತಿಳಿಯಲು, ದಾಖಲೆಯ ಪ್ರತಿ ಪಡೆಯಲು ನಿಮಗೆ ಹಕ್ಕಿದೆ.

ಕೊನೆಯದಾಗಿ ಅಪರಾಧ ತಡೆಯ ಇನ್ನೊಂದು ದಾರಿ. ರಾಬರ್ಟ್ ಸ್ಯಾಂಪ್ಸನ್ ಮತ್ತು ಸಂಗಡಿಗರು 1997ರಲ್ಲಿ ಶಿಕಾಗೊದ ಅಧ್ಯಯನ ಪ್ರಕಟಿಸಿದರು. ನೆರೆಹೊರೆಯವರು ಒಬ್ಬರನ್ನೊಬ್ಬರು ನಂಬುವ, ಬೀದಿಯಲ್ಲಿ ತಪ್ಪು ಕಂಡರೆ ಮುಂದೆ ಬರುವ ಬಡಾವಣೆಗಳಲ್ಲಿ, ಬಡತನವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಹಿಂಸೆ ಕಡಿಮೆ ಇತ್ತು. ನಮ್ಮೂರಿನ ಜಗುಲಿ ಮಾಡುತ್ತಿದ್ದುದು ಇದನ್ನೇ. ಆದರೆ ಜಗುಲಿಯ ಕಣ್ಣು ಬಹಿಷ್ಕಾರವನ್ನೂ ಹಾಕುತ್ತಿತ್ತು, ಜಾತಿ ನೋಡಿ ಅನುಮಾನಿಸುತ್ತಿತ್ತು. ಆದ್ದರಿಂದ ನಮಗೆ ಬೇಕಾದದ್ದು ಜಗುಲಿಯ ಕಾಳಜಿ, ಅದರ ಪೂರ್ವಗ್ರಹವಲ್ಲ.

ಲಂಡನ್ನಿನಲ್ಲಿ ಪ್ರತಿ ವಾರ್ಡಿಗೂ ಪೊಲೀಸ್ ತಂಡವಿದೆ, ಅದರ ಆದ್ಯತೆಗಳನ್ನು ಚರ್ಚಿಸಲು ನಿವಾಸಿಗಳ ವಾರ್ಡ್ ಪ್ಯಾನೆಲ್ ಇದೆ. ಅಲ್ಲಿ ನಮ್ಮವರೂ ಕೂರಬೇಕು. ಕಳ್ಳತನದ ಬಗ್ಗೆ ದೂರಲು ಮಾತ್ರವಲ್ಲ, ‘ಯಾರನ್ನು, ಎಲ್ಲಿ’ ಎಂದು ಕೇಳಲು ಕೂಡ. ನಾವು ಕೇಳದಿದ್ದರೆ ನಮ್ಮ ಪರವಾಗಿ ಬೇರೆಯವರು ಉತ್ತರ ಬರೆಯುತ್ತಾರೆ.